ಅಮ್ಮನ ದಿಬ್ಬಕ್ಕೊಂದು ಪೀಚ್ ಹಣ್ಣು

ಬಿಳಿ ಇಬ್ಬನಿ ಬೀಳಲು ಶುರುವಾದ ಕಾಲ, ಬೆಳಗಿನ ಜಾವ. ಸೊಮ್‌ಜಿನ್ ಹೊಳೆಯ ಮಂಜು ದಡ ಹತ್ತಿ ಬಂದು ಪೇಟೆಯ ಬೀದಿಯಲ್ಲೆಲ್ಲ ಮಲಗಿತ್ತು. ಕೋಳಿಗಳು ಒಂದು ಸಲ ಕೂಗಿ, ಯಾರೂ ಏಳದ್ದನ್ನು ಕಂಡು ಸುಮ್ಮನಾಗಿದ್ದವು. ಆ ಹೊತ್ತಿನಲ್ಲಿ ತಾಕ್ ಗಿಲ್‌ಸು ತನ್ನ ಲಾಂಡ್ರಿ ಅಂಗಡಿಯ ಹಿಂದಿನ ಅಡುಗೆಮನೆಯಲ್ಲಿ ನಿಂತು, ಉಸಿರು ಬಿಗಿಹಿಡಿದು, ಒಂದು ಪೀಚ್ ಹಣ್ಣನ್ನು ಕಾಲುಚೀಲದೊಳಗೆ ತೂರಿಸುತ್ತಿದ್ದ.

“ಒಗೆದಿದ್ದು ತಾನೆ?” ಎಂದಳು ಹೆಂಡತಿ, ಹಾಸಿಗೆಯಿಂದ ತಲೆ ಎತ್ತದೆ.

“ಲಾಂಡ್ರಿಯವನನ್ನ ಕೇಳೋ ಪ್ರಶ್ನೆಯೇನೇ ಇದು?”

“ಲಾಂಡ್ರಿಯವನ ಕಾಲುಚೀಲ ಅಂತಾನೇ ಕೇಳಿದ್ದು.”

ಗಿಲ್‌ಸು ಕಾಲುಚೀಲವನ್ನು ಟವೆಲ್ಲಿನಲ್ಲಿ ಸುತ್ತಿ, ಟವೆಲ್ಲನ್ನು ಮಳೆಯಂಗಿಯಲ್ಲಿ ಸುತ್ತಿ, ಅದನ್ನು ಚೀಲದ ತಳಕ್ಕೆ ಇಟ್ಟು, ಮೇಲೆ ಕುಡುಗೋಲು ಇಟ್ಟ. ಒಂದು ಹಣ್ಣಿಗೆ ಇಷ್ಟು ಕಾವಲು ಯಾಕೆ ಎಂದರೆ, ಅದು ಹೋಗುತ್ತಿದ್ದದ್ದು ಅವನ ತಾಯಿಯ ಸಮಾಧಿಗೆ, ಬೆಟ್ಟದ ಮೇಲಿನ ಮಣ್ಣಿನ ದಿಬ್ಬಕ್ಕೆ.

ಸತ್ತವರ ಮುಂದೆ ಏನನ್ನು ಬೇಕಾದರೂ ಇಡಬಹುದು. ಸೇಬು ಇಡಬಹುದು, ಪೇರ್ ಇಡಬಹುದು, ಒಣಮೀನು ಇಡಬಹುದು, ಅಕ್ಕಿಯ ಹೆಂಡ ಸುರಿಯಬಹುದು. ಇಡಬಾರದ ಹಣ್ಣು ಒಂದೇ, ಅದು ಪೀಚ್. ಪೀಚ್ ಕಂಡರೆ ಸತ್ತವರು ನಿಲ್ಲುವುದಿಲ್ಲ, ಎದ್ದು ಹೋಗುತ್ತಾರೆ. ತೊಟ್ಟಿಲ ಕೂಸಿಗೂ ಗೊತ್ತಿರುವ ಶಾಸ್ತ್ರ ಇದು. ಗಿಲ್‌ಸುವಿಗೂ ಗೊತ್ತಿತ್ತು.

ಆದರೆ ಮೂರು ವರ್ಷದ ಹಿಂದೆ, ಹೊಳೆಯ ಅಂಚು ಹೆಪ್ಪುಗಟ್ಟಿದ್ದ ಚಳಿಯಲ್ಲಿ, ಅವನ ತಾಯಿ ಕಣ್ಣು ಮುಚ್ಚುವ ಮುಂಚೆ ಅವನ ಕೈ ಹಿಡಿದು ಹೇಳಿದ್ದಳು. “ಗಿಲ್‌ಸು, ನನ್ನ ದಿಬ್ಬದ ಹತ್ರ ಒಂದು ಪೀಚ್ ತಂದಿಡು. ವರ್ಷಾ ವರ್ಷಾ ಇಡು. ಬೇರೇನೂ ತರದೇ ಇದ್ರೂ ಪರವಾಗಿಲ್ಲ.” ಆಮೇಲೆ ಮಾತಾಡಲಿಲ್ಲ.

ಅಮ್ಮ ಹಾಗೆ ಕೇಳಿದ್ದು ಗಿಲ್‌ಸುವಿಗೆ ಆಶ್ಚರ್ಯವಾಗಿರಲಿಲ್ಲ. ಪ್ರತಿ ವರ್ಷ ಹುಣ್ಣಿಮೆ ಹಬ್ಬಕ್ಕೆ ಮುಂಚೆ ಹಿರಿಯರ ದಿಬ್ಬಗಳ ಹುಲ್ಲು ಕತ್ತರಿಸಲು ಮನೆಮಂದಿಯೆಲ್ಲ ಬೆಟ್ಟ ಹತ್ತುತ್ತಿದ್ದರು. ಕೆಲಸ ಮುಗಿದು ಗಂಡಸರೆಲ್ಲ ಇಳಿದ ಮೇಲೆ ಅಮ್ಮ ದೊಡ್ಡಮ್ಮನ ಜೊತೆ ಹಿಂದೆ ಉಳಿದು, ಅಲ್ಲಿದ್ದ ಚಪ್ಪಟೆ ಬಂಡೆಯ ಮೇಲೆ ಕೂತು, ಮಡಿಲಿನಿಂದ ಒಂದು ಪೀಚ್ ತೆಗೆದು ತಿನ್ನುತ್ತಿದ್ದಳು. ಕೆಳಗೆ ಹೊಳೆ ಬಳುಕಿಕೊಂಡು ಹೋಗುತ್ತಿತ್ತು. ಆಚೆ ದಡದಲ್ಲಿ ಗದ್ದೆಗಳು ಹಳದಿಗೆ ತಿರುಗುತ್ತಿದ್ದವು. ರಸ ಮೊಣಕೈವರೆಗೆ ಇಳಿದರೂ ಒರೆಸದೆ, ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡು ಅವಳು ತಿನ್ನುವುದನ್ನು ಗಿಲ್‌ಸು ಇಳಿಯುವ ದಾರಿಯಿಂದ ಹೊರಳಿ ಎಷ್ಟೋ ಸಲ ನೋಡಿದ್ದ. ಇಡೀ ವರ್ಷದಲ್ಲಿ ಅಮ್ಮನಿಗೆ ಸಿಕ್ಕುವ ಸುಖ ಅದೊಂದೇ ಎಂದು ಅವನಿಗೆ ಅನಿಸುತ್ತಿತ್ತು.

ಮೊದಲನೇ ವರ್ಷ ಅವನು ಹಣ್ಣನ್ನು ಜೇಬಿನಲ್ಲಿ ತಂದಿದ್ದ. ಬೆಟ್ಟದ ಬುಡದಲ್ಲೇ ದೊಡ್ಡಪ್ಪನ ಮೂಗಿಗೆ ವಾಸನೆ ಬಡಿಯಿತು. ದೊಡ್ಡಪ್ಪನಿಗೆ ಎಂಬತ್ತು ದಾಟಿತ್ತು, ಬೆನ್ನು ಮಾತ್ರ ಇಸ್ತ್ರಿ ಹಾಕಿದ ಹಾಗೆ ನೆಟ್ಟಗಿತ್ತು. ಮನೆತನಕ್ಕೆ ಅವನೇ ಹಿರಿಯ. ಗಿಲ್‌ಸುವನ್ನು ಎಲ್ಲರ ಮುಂದೆ ನಿಲ್ಲಿಸಿ ಹಣ್ಣನ್ನು ಅಲ್ಲೇ ತಿನ್ನಿಸಿ, ತೊರೆಯಲ್ಲಿ ಬಾಯಿ ತೊಳೆಸಿ, ಆಮೇಲೆ ಮೇಲಕ್ಕೆ ಬಿಟ್ಟ. ಎರಡನೇ ವರ್ಷ ಗಿಲ್‌ಸು ಹಣ್ಣನ್ನು ಹುಲ್ಲು ಕತ್ತರಿಸುವ ಮಷಿನ್ನಿನ ಡಬ್ಬಿಯಲ್ಲಿ ಅಡಗಿಸಿದ. ಯಾರ ಮೂಗಿಗೂ ಸಿಗಲಿಲ್ಲ ನಿಜ, ಆದರೆ ಹಣ್ಣು ಪೆಟ್ರೋಲು ಕುಡಿದಿತ್ತು. ಅಂಥದ್ದನ್ನು ತಾಯಿಯ ಮುಂದೆ ಇಡಲು ಅವನಿಗೆ ಮನಸ್ಸಾಗಲಿಲ್ಲ.

ಇದು ಮೂರನೆಯದು, ಮತ್ತೆ ಕೊನೆಯದು. ಈ ವರ್ಷ ಆದ ಮೇಲೆ ಬೆಟ್ಟ ಹತ್ತುವುದಕ್ಕೆ ತನ್ನ ಕಾಲು ಒಪ್ಪುವುದಿಲ್ಲ ಎಂದು ದೊಡ್ಡಪ್ಪ ಹೇಳಿಬಿಟ್ಟಿದ್ದ. ಬರುವ ವಸಂತಕ್ಕೆ ದಿಬ್ಬಗಳನ್ನೆಲ್ಲ ಬಿಚ್ಚಿಸಿ, ಅಸ್ಥಿಯನ್ನು ಸುಟ್ಟು ಬೂದಿ ಮಾಡಿ, ಪೇಟೆಯ ಹತ್ತಿರದ ಅಸ್ಥಿಮಂದಿರದಲ್ಲಿ ಗಾಜಿನ ಗೂಡೊಳಗೆ ಇಡುವುದೆಂದು ತೀರ್ಮಾನವಾಗಿತ್ತು. ಆ ಬಂಡೆ, ಆ ಹೊಳೆ, ಅಮ್ಮ ಎಲ್ಲವೂ ಒಟ್ಟಿಗೆ ಇರುವುದು ಈ ಒಂದು ದಿನ. ಉಳಿದವರು ಬಿಸಿಲೇರಿದ ಮೇಲೆ ಬರುತ್ತಾರೆ. ಅಷ್ಟರೊಳಗೆ ಹೋಗಿ, ಹಣ್ಣಿಟ್ಟು, ಅರ್ಧ ಅಮ್ಮನಿಗೆ ಅರ್ಧ ತನಗೆಂದು ಅಲ್ಲೇ ಕೂತು ತಿಂದು, ಬಾಯಿ ತೊಳೆದುಕೊಂಡು, ಏನೂ ಗೊತ್ತಿಲ್ಲದವನ ಹಾಗೆ ಹುಲ್ಲು ಕೊಯ್ಯುತ್ತಾ ನಿಂತಿರಬೇಕೆಂಬುದು ಗಿಲ್‌ಸುವಿನ ಲೆಕ್ಕಾಚಾರ.

ಮೊದಲ ಬಸ್ಸಿನಲ್ಲಿ ಜನ ಇರುವುದಿಲ್ಲ ಎಂದುಕೊಂಡಿದ್ದ. ಸಂತೆಗೆ ಒಣಮೆಣಸಿನಕಾಯಿ ಒಯ್ಯುವ ಅಜ್ಜಿಯರು ಬಸ್ಸಿನ ತುಂಬ ಕೂತಿದ್ದರು. ಅವರ ನಡುವೆ ಮಿಲ್ಲಿನ ಅಜ್ಜಿ. ಅವಳ ಗಂಡ ಅಕ್ಕಿ ಮಿಲ್ಲು ಮಾರಿ ಎಷ್ಟೋ ಕಾಲವಾದರೂ ಹೆಸರು ಉಳಿದಿತ್ತು. ಗಿಲ್‌ಸು ಕೂತದ್ದೇ ತಡ, ಅವಳ ಮೂಗು ಮೇಲೆದ್ದಿತು.

“ಏನೋ ಘಮ್ಮಂತಿದೆಯಲ್ಲಾ. ಯಾರ ಹತ್ರ ಪೀಚ್ ಹಣ್ಣಿದೆ?”

“ಶಾಂಪೂ ಅಜ್ಜಿ,” ಎಂದ ಗಿಲ್‌ಸು ಗಡಬಡಿಸಿ. “ನಾನು ಹಾಕ್ಕೊಂಡಿರೋ ಶಾಂಪೂ.”

ಬಸ್ಸಿನವರೆಲ್ಲ ಅವನ ತಲೆ ನೋಡಿದರು. ಅದು ಮಾಡಿನ ಮೇಲೆ ಬಲಿತ ಸೋರೆಕಾಯಿಯ ಹಾಗೆ ಹೊಳೆಯುತ್ತಿತ್ತು.

“ಎಲ್ಲಿಗೆ ಹಾಕ್ಕೊಂಡ್ಯಪ್ಪಾ?” ಎಂದಳು ಮಿಲ್ಲಿನ ಅಜ್ಜಿ.

ಬಸ್ಸು ನಗುವಿನಲ್ಲಿ ಓಲಾಡಿತು. ಗಿಲ್‌ಸು ಕಿಟಕಿಯ ಆಚೆಗಿನ ಮಂಜನ್ನು ತುಂಬ ಆಸಕ್ತಿಯಿಂದ ನೋಡತೊಡಗಿದ. ಅಜ್ಜಿ ಬಿಡಲಿಲ್ಲ.

“ದಿಬ್ಬದ ಹುಲ್ಲಿಗೆ ಹೊರಟಿದೀಯಾ? ದೊಡ್ಡಪ್ಪ ಎಲ್ಲಿ?”

“ಆಮೇಲಿನ ಬಸ್ಸಿಗೆ ಬರ್ತಾರೆ.”

“ಹಿರಿಯರನ್ನ ಹಿಂದೆ ಬಿಟ್ಟು ನೀನು ಶಾಂಪೂ ಹಾಕ್ಕೊಂಡು ಮುಂದೆ ಹೊರಟ್ಯಾ? ಸರಿ, ಸರಿ.”

ಅವನು ಇಳಿಯುವಾಗ ಅವಳು ಮಡಿಲಿನಿಂದ ಫೋನು ತೆಗೆದು, ಕೈ ದೂರ ಚಾಚಿ, ಅಂಕಿಗಳನ್ನು ಒಂದೊಂದಾಗಿ ಒತ್ತುತ್ತಿದ್ದಳು. ಯಾರಿಗೆ ಎಂದು ಗಿಲ್‌ಸು ಕೇಳಿಕೊಳ್ಳಲಿಲ್ಲ. ಕೇಳಿಕೊಂಡಿದ್ದರೆ ಮುಂದಿನ ಬಸ್ಸು ಹತ್ತಿ ಮನೆಗೆ ಹೋಗುತ್ತಿದ್ದ.

ಬೆಟ್ಟದ ದಾರಿಯನ್ನು ಅವನು ಎಂದೂ ತಾನಾಗಿ ನಡೆದವನಲ್ಲ. ಪ್ರತಿ ವರ್ಷ ದೊಡ್ಡಪ್ಪನ ನೆಟ್ಟಗಿನ ಬೆನ್ನು ನೋಡಿಕೊಂಡು ಹತ್ತಿದ್ದ, ಅಷ್ಟೆ. ಇವತ್ತು ಮುಂದೆ ಬೆನ್ನೂ ಇರಲಿಲ್ಲ, ದಾರಿಯೂ ಕಾಣುತ್ತಿರಲಿಲ್ಲ. ಕೈ ಚಾಚಿದರೆ ಬೆರಳು ಮಂಜಿನೊಳಗೆ ಕರಗುತ್ತಿತ್ತು. ಚೆಸ್ಟ್‌ನಟ್ ಮರದ ಹತ್ತಿರ ದಾರಿ ಕವಲಾಗುತ್ತದೆಂದು ನೆನಪಿತ್ತು. ಆದರೆ ಮಳೆಗಾಲದಲ್ಲಿ ಮಣ್ಣು ಜಾರಿ ಮರವೇ ಮಲಗಿಬಿಟ್ಟಿತ್ತು. ಎಡವೋ ಬಲವೋ ಎಂದು ಒಂದು ಗಳಿಗೆ ನಿಂತು, ಕಾಲಿಗೆ ಸುಲಭವಾದ ಕಡೆಗೆ ಹೋದ.

ಸೊಂಟದವರೆಗಿನ ಹುಲ್ಲು ಸೀಳಿಕೊಂಡು ಹೋದಾಗ ದಿಬ್ಬ ಸಿಕ್ಕಿತು. ಮೇಲಿನ ಸಾಲಿನಲ್ಲಿ ಎರಡು ಕಪ್ಪಗೆ ತೋರಿದವು. ಅದು ಸರಿ, ತಾತ ಮತ್ತು ಅಜ್ಜಿ. ಕೆಳಗಿನ ಸಾಲಿನಲ್ಲಿ ಒಂದು ಎದುರಿಗೇ ಇತ್ತು, ಅದು ಅಮ್ಮ. ಪಕ್ಕದಲ್ಲಿ ಅಪ್ಪನದು ಮಂಜಿನಲ್ಲಿ ಕಾಣಲಿಲ್ಲ. ಇದ್ದೇ ಇರುತ್ತದೆ, ಎಲ್ಲಿಗೆ ಹೋಗುತ್ತದೆ ಎಂದುಕೊಂಡ.

ಕೈಯಿಂದ ಒಂದಿಷ್ಟು ಹುಲ್ಲು ಕಿತ್ತು ಜಾಗ ಮಾಡಿದ. ಮಳೆಯಂಗಿ ಬಿಚ್ಚಿ, ಟವೆಲ್ಲು ಬಿಚ್ಚಿ, ಕಾಲುಚೀಲದಿಂದ ಹಣ್ಣು ತೆಗೆದ. ಬಡಿಯದೆ, ಬಾಡದೆ, ಕೆನ್ನೆ ಕೆಂಪಾಗಿಸಿಕೊಂಡು ಬಂದಿತ್ತು. ಅದನ್ನು ದಿಬ್ಬದ ಮುಂದಿಟ್ಟು, ನೆಲಕ್ಕೆ ಹಣೆ ಮುಟ್ಟಿಸಿ ಎರಡು ಸಲ ನಮಸ್ಕಾರ ಮಾಡಿದ. ಎರಡನೆಯದರಿಂದ ಏಳಲಿಕ್ಕೆ ಆಗಲಿಲ್ಲ.

“ಬಂದೆ,” ಎಂದು ಅವನು ಹುಲ್ಲಿನೊಳಗೆ ಮುಖವಿಟ್ಟು ಅತ್ತ. “ಇಷ್ಟು ದಿನ ಹೀಗೆ ಒಬ್ಬನೇ ಬರೋಕಾಗಲಿಲ್ಲ, ಕ್ಷಮಿಸು. ಜನರೆದುರಿಗೆ ಬರೋಕೆ ಧೈರ್ಯ ಬರಲಿಲ್ಲ. ಅದಕ್ಕೇ ಹೀಗೆ ಕದ್ದು ಬಂದೆ. ನಾನು ನಿನ್ನ ಮಗ ತಾನೆ? ನಿನ್ನ ಸ್ವಂತ ಮಗ ಒಂದು ಹಣ್ಣು ಇಡೋಕೂ ಊರಿಗೆ ಹೆದರಬೇಕಾ?”

ಅಳು ಜೋರಾಗಿ, ಮಾತಿನಲ್ಲಿ ಅರ್ಧ ಹುಲ್ಲಿಗೆ ಹೋಯಿತು, ಅರ್ಧ ಮಂಜಿಗೆ ಹೋಯಿತು.

ಆಗ ಅವನ ಬೆನ್ನ ಹಿಂದಿನಿಂದ, ಮಂಜಿನೊಳಗಿಂದ, ಒಂದು ಮುದಿ ಹೆಂಗಸಿನ ದನಿ ಬಂತು.

“ಬಂದ್ಯಾ?”

ಗಿಲ್‌ಸುವಿನ ಮೈಮೇಲಿನ ಕೂದಲು ನೆಟ್ಟಗಾಯಿತು. ಅವನು ತಲೆ ಎತ್ತದೆ ಹೇಳಿದ. “ಬಂದೆ, ಅಮ್ಮಾ.”

“ಅಮ್ಮಾ ಅಂತೀಯಾ? ಆಗಲಿ. ಬೇರೆ ಏನಂತ ತಾನೇ ಕರೀತೀಯ,” ಎಂದಿತು ದನಿ. “ನಲವತ್ತು ವರ್ಷದಿಂದ ಕಾಯ್ತಾ ಇದ್ದೆ. ಒಂದಲ್ಲ ಒಂದು ದಿನ ನೀನು ಬಂದೇ ಬರ್ತೀಯ ಅಂತ ಗೊತ್ತಿತ್ತು.”

ಅಮ್ಮ ಸತ್ತು ಮೂರೇ ವರ್ಷ, ನಲವತ್ತು ಎಲ್ಲಿಂದ ಬಂತು ಎಂದು ಗಿಲ್‌ಸು ತಲೆ ಎತ್ತಿದ. ಮಂಜಿನಿಂದ ಹೊರಗೆ ಬಂದವಳು ಅಮ್ಮನಾಗಿರಲಿಲ್ಲ. ತಲೆಗೆ ಬಟ್ಟೆ ಸುತ್ತಿ, ಕೈಯಲ್ಲಿ ಕುಡುಗೋಲು ಹಿಡಿದ, ಸೊಂಟ ಬಾಗಿದ ಅಪರಿಚಿತ ಮುದುಕಿ. ಅವಳು ಹತ್ತಿರ ಬಂದು, ಅವನ ಗಲ್ಲ ಹಿಡಿದು, ಮುಖವನ್ನು ಬೆಳಕಿನ ಕಡೆ ತಿರುಗಿಸಿ ನೋಡಿದಳು. ಸಂತೆಯಲ್ಲಿ ಕುಂಬಳಕಾಯಿ ನೋಡುವ ಹಾಗೆ ನೋಡಿದಳು.

“ಕಿವಿ ಅವರದ್ದೇ,” ಎಂದಳು.

“ತಾಯೀ, ನೀವು ಯಾರು? ಇದು ನಮ್ಮಮ್ಮನ ದಿಬ್ಬ...”

“ಇದರೊಳಗೆ ಯಾರ ಅಮ್ಮನೂ ಇಲ್ಲಪ್ಪ. ಮಾ ಮನೆತನದ ಯಜಮಾನರು ಇದಾರೆ, ನನ್ನ ಗಂಡ. ನಾನೇ ಮಣ್ಣು ಹಾಕಿದೀನಿ, ಮರೀತೀನಾ?”

ಅಷ್ಟರಲ್ಲಿ ಬಿಸಿಲು ತಾಗಿ ಮಂಜು ಸ್ವಲ್ಪ ಹರಿಯಿತು. ಕೆಳಗೆ ಹೊಳೆ ಕಾಣಿಸಿತು. ಅಮ್ಮನ ಬಂಡೆಯಿಂದ ನೋಡಿದರೆ ಹೊಳೆಯ ತಿರುವು ಬಲಗಡೆ ಇರಬೇಕು. ಇಲ್ಲಿ ಎಡಗಡೆ ಇತ್ತು. ಬಂಡೆ ಇರಲಿಲ್ಲ. ಪಕ್ಕದಲ್ಲಿ ಅಪ್ಪನ ದಿಬ್ಬವೂ ಇರಲಿಲ್ಲ. ತಾಕ್ ಮನೆತನದ ದಿಬ್ಬಗಳು ಹಳ್ಳದ ಆಚೆ, ಎದುರು ಇಳಿಜಾರಿನಲ್ಲಿ, ಸುಮ್ಮನೆ ಕೂತು ಇವನನ್ನೇ ನೋಡುತ್ತಿದ್ದವು.

“ತಾಯೀ, ನಾನು ದಾರಿ ತಪ್ಪಿ ಬಂದೆ,” ಎಂದ ಗಿಲ್‌ಸು.

“ದಾರಿ ತಪ್ಪಿದ್ದು ನೀನಲ್ಲ, ಅವರು,” ಎಂದಳು ಮುದುಕಿ ದಿಬ್ಬದ ಕಡೆ ಕುಡುಗೋಲು ತೋರಿಸಿ. “ದನದ ವ್ಯಾಪಾರಕ್ಕೆ ಹೋದವರು ಸಂತೆ ಮುಗಿದ ಮೇಲೂ ದಿನಗಟ್ಟಲೆ ಬರ್ತಿರಲಿಲ್ಲ. ಕೇಳಿದ್ರೆ, ಎತ್ತು ಕುಂಟುತ್ತಿತ್ತು, ನಿಧಾನಕ್ಕೆ ಬಂದೆ ಅನ್ನೋರು. ಎಷ್ಟು ವರ್ಷ ಕುಂಟ್ತದಪ್ಪಾ ಒಂದು ಎತ್ತು?”

“ನನಗೆ ಎತ್ತಿನ ವಿಷಯ ಏನೂ ಗೊತ್ತಿಲ್ಲ ತಾಯಿ. ನಾನು ನಿಮ್ಮವರ ಮಗ ಅಲ್ಲ.”

“ಅಲ್ಲ ಅಂತಾನೇ ಹೇಳಿಕೊಟ್ಟಿರ್ತಾಳೆ ನಿಮ್ಮಮ್ಮ. ಮರ್ಯಾದಸ್ಥೆ. ಆದ್ರೆ ನಾನು ಕಿವಿಯಾರೆ ಕೇಳಿದ್ನಲ್ಲ. ಜನರೆದುರಿಗೆ ಬರೋಕೆ ಧೈರ್ಯ ಇಲ್ಲ, ಕದ್ದು ಬಂದೆ, ನಾನು ನಿನ್ನ ಮಗ ತಾನೆ ಅಂತ ಅತ್ಯಲ್ಲ.” ಅವಳ ಕಣ್ಣು ತುಂಬಿತು. “ನಿನ್ನ ಮೇಲೆ ನನಗೆ ಸಿಟ್ಟಿಲ್ಲ ಮಗಾ. ಹುಟ್ಟಿದ ಕೂಸು ಏನು ಮಾಡುತ್ತೆ?”

ಗಿಲ್‌ಸು ಬಾಯಿ ತೆರೆದ. ಅಂಗಿ ಸುಟ್ಟರೂ ಗಿರಾಕಿಯ ಮುಂದೆ ನಾಲ್ಕು ಮಾತು ಆಡಲು ಬಾರದವನು, ಅಳುತ್ತಿರುವ ಮುದುಕಿಯ ಮುಂದೆ ಏನು ಆಡುತ್ತಾನೆ? ಬಾಯಿ ಮುಚ್ಚಿದ.

ಆಗ ಅವಳು ಹಣ್ಣು ನೋಡಿದಳು.

“ಇದೇನಿದು, ಪೀಚ್? ದಿಬ್ಬದ ಮುಂದೆ ಪೀಚ್ ಇಡ್ತಾರೇನೋ? ಯಜಮಾನರು ಎದ್ದು ಓಡಿ ಹೋಗಲ್ವಾ? ಅಪ್ಪ ಇಲ್ಲದೆ ಬೆಳೆದವನು ಪಾಪ, ಯಾರು ಹೇಳ್ಕೊಡಬೇಕು ನಿನಗೆ.” ಹಣ್ಣನ್ನು ಎತ್ತಿಕೊಂಡು ಎಸೆಯಲು ಕೈ ಎತ್ತಿದಳು. ಕೈ ಹಾಗೆಯೇ ನಿಂತಿತು. ದಿಬ್ಬವನ್ನು ನೋಡಿದಳು, ಗಿಲ್‌ಸುವಿನ ಕಿವಿ ನೋಡಿದಳು, ಮತ್ತೆ ದಿಬ್ಬವನ್ನು ನೋಡಿದಳು.

“ಓಡಿ ಹೋಗ್ಲಿ ಬಿಡು,” ಎಂದಳು ಮೆಲ್ಲಗೆ.

“ತಾಯೀ, ಆ ಹಣ್ಣು...”

ಅಷ್ಟರಲ್ಲಿ ಅವಳು ಕಚ್ಚಿಬಿಟ್ಟಿದ್ದಳು. ಕಾಲು ಚಾಚಿ ದಿಬ್ಬದ ಎದುರಿಗೇ ಕೂತು, ಹೊಳೆಯ ಮೇಲೆ ಬಿಸಿಲು ಇಳಿಯುವುದನ್ನು ನೋಡುತ್ತಾ ತಿಂದಳು. ಹಲ್ಲು ಕಡಿಮೆ ಇದ್ದದ್ದರಿಂದ ನಿಧಾನವಾಗಿ ತಿಂದಳು. ತಿನ್ನುವ ನಡುನಡುವೆ ಗಂಡನ ಜೊತೆ ಮಾತಾಡಿದಳು. “ನನ್ನ ಅನ್ನ ಉಂಡು, ನನ್ನ ಹಾಸಿಗೆಯಲ್ಲಿ ಮಲಗಿ, ಕುಂಟೆತ್ತಿನ ಕತೆ ಹೇಳಿದ್ರಿ ಅಲ್ವಾ. ಹೋಗಿ. ಅವಳ ಹತ್ರಾನೇ ಹೋಗಿ. ವರ್ಷಾ ವರ್ಷಾ ನಿಮ್ಮ ಹುಲ್ಲು ಕಿತ್ತು ಕಿತ್ತು ನನ್ನ ಸೊಂಟ ಹೋಯ್ತು.” ಕೊನೆಗೆ ಬೀಜವನ್ನು ದಿಬ್ಬದ ನೆತ್ತಿಗೆ ಒತ್ತಿ, ಹೆಬ್ಬೆರಳಿನಿಂದ ಒಳಕ್ಕೆ ತಳ್ಳಿದಳು. ಗಿಲ್‌ಸು ಪಕ್ಕದಲ್ಲಿ ಮೊಣಕಾಲೂರಿ ಕೂತು, ಖಾಲಿ ಕಾಲುಚೀಲವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಮೂರು ವರ್ಷದ ಆಸೆ ತುತ್ತು ತುತ್ತಾಗಿ ಇಳಿದು ಹೋದದ್ದನ್ನು ನೋಡಿದ.

ಕೆಳಗಿನಿಂದ ಏದುಸಿರು ಬಿಡುತ್ತಾ ಮುದುಕಿಯ ಮಗ ಹತ್ತಿಬಂದ. ಹೆಸರು ದೊಂಗ್‌ಚೊಲ್. ಹೆಗಲಿಗೆ ಹುಲ್ಲು ಕತ್ತರಿಸುವ ಮಷಿನ್ನು, ಮುಖದ ತುಂಬ ಬೆವರು.

“ನಿನ್ನ ಅಪ್ಪನ ಇನ್ನೊಬ್ಬ ಮಗ,” ಎಂದು ಮುದುಕಿ ಪರಿಚಯ ಮಾಡಿಕೊಟ್ಟಳು.

ದೊಂಗ್‌ಚೊಲ್ ಮಷಿನ್ನನ್ನು ಇಳಿಸದೆಯೇ ನಿಂತ. ಹೊಡೆಯುತ್ತಾನೆ ಎಂದುಕೊಂಡು ಗಿಲ್‌ಸು ಕಣ್ಣು ಮುಚ್ಚಿದ.

“ನೀವು ಹುಟ್ಟಿದ್ದು ಯಾವ ಪ್ರಾಣಿಯ ವರ್ಷದಲ್ಲಿ?” ಎಂದು ಕೇಳಿತು ದೊಂಗ್‌ಚೊಲ್‌ನ ದನಿ, ಏಕೋ ತುಂಬ ಮೃದುವಾಗಿ.

“ಇಲಿ ವರ್ಷ.”

“ಇಲಿ! ನಂದು ಹುಲಿ ವರ್ಷ. ಅಂದ್ರೆ ನೀವು ಎರಡು ವರ್ಷ ದೊಡ್ಡವರು.” ಅವನ ಮುಖದ ಮೇಲೆ ಬೆಳಗಾಯಿತು. “ಅಣ್ಣಾ!”

ಹಿರಿಯ ಮಗನ ಪಾಡು ಏನೆಂದು ಆ ಸೀಮೆಯಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ತಂದೆಯ ತಿಥಿ ಅವನ ಮನೆಯಲ್ಲಿ, ತಾತನ ತಿಥಿ ಅವನ ಮನೆಯಲ್ಲಿ, ಎರಡು ಹಬ್ಬದ ಎಡೆ ಅವನ ಮನೆಯಲ್ಲಿ, ಹುಲ್ಲು ಅವನ ಹೆಗಲಿಗೆ. ದೊಂಗ್‌ಚೊಲ್ ಇಪ್ಪತ್ತು ವರ್ಷ ಒಬ್ಬನೇ ಹೊತ್ತಿದ್ದ. ಈಗ ಅವನು ಮಷಿನ್ನಿನ ಪಟ್ಟಿ ಬಿಚ್ಚಿ, ಗಿಲ್‌ಸುವಿನ ಹೆಗಲಿಗೆ ಗೌರವದಿಂದ ಏರಿಸಿ, ಬಕಲು ಹಾಕಿದ.

“ಅವನು ಬೇರೆ ಹೊಟ್ಟೆಯವನು ಕಣೋ, ಹಿರಿಯ ಹೇಗಾಗ್ತಾನೆ?” ಎಂದಳು ಮುದುಕಿ.

“ಅದೆಲ್ಲ ರಾಜರ ಕಾಲದ್ದು ಅಮ್ಮ, ಈಗ ಎಲ್ಲ ಮಕ್ಕಳೂ ಒಂದೇ. ಅಣ್ಣಾ, ಮುಂದಿನ ತಿಂಗಳು ತಾತನ ತಿಥಿ. ಅತ್ತಿಗೆಗೆ ಒಂದು ಮಾತು ಹೇಳಿಡಿ. ಇಪ್ಪತ್ತು ಜನ, ಹೆಚ್ಚೇನಿಲ್ಲ. ಈಗ ಮೇಲಿನ ಸಾಲಿನಿಂದ ಶುರು ಮಾಡಿ. ಕಲ್ಲಿದೆ, ಬ್ಲೇಡು ಜೋಪಾನ.”

ಇಲ್ಲ ಅನ್ನಲು ಗಿಲ್‌ಸುವಿಗೆ ಯಾವ ಮಾತಿನಿಂದ ಶುರು ಮಾಡಬೇಕೆಂದು ತಿಳಿಯಲಿಲ್ಲ. ದೊಂಗ್‌ಚೊಲ್ ಹಗ್ಗ ಎಳೆದು ಮಷಿನ್ನು ಚಾಲೂ ಮಾಡಿದ. ಅದರ ಗದ್ದಲದಲ್ಲಿ ಹೇಳಿದ್ದರೂ ಕೇಳಿಸುತ್ತಿರಲಿಲ್ಲ. ಗಿಲ್‌ಸು ಕತ್ತರಿಸಿದ. ಯಾರದೋ ತಾತ, ಯಾರದೋ ಅಜ್ಜಿ, ಯಾರದೋ ಮುತ್ತಜ್ಜಿ ಒಬ್ಬೊಬ್ಬರಾಗಿ ಹುಲ್ಲಿನಿಂದ ಹೊರಗೆ ಬಂದರು. ದೊಂಗ್‌ಚೊಲ್ ಮರದ ನೆರಳಿನಲ್ಲಿ ಮಲಗಿ, ಜೀವಮಾನದಲ್ಲಿ ಮೊದಲ ಸಲ ಆ ಬೆಟ್ಟದಿಂದ ಹೊಳೆ ಎಷ್ಟು ಚೆಂದ ಕಾಣುತ್ತದೆಂದು ನೋಡಿದ.

ಹಳ್ಳದ ಆಚೆ ದೊಡ್ಡಪ್ಪ ಬಂದು ನಿಂತದ್ದನ್ನು ಗಿಲ್‌ಸು ನೋಡಲಿಲ್ಲ. ಮಿಲ್ಲಿನ ಅಜ್ಜಿಯ ಫೋನು ಹೋದದ್ದೇ ದೊಡ್ಡಮ್ಮನಿಗೆ. ‘ನಿಮ್ಮ ಗಿಲ್‌ಸು ಪೀಚ್ ಶಾಂಪೂ ಹಚ್ಚಿಕೊಂಡು ಬೆಟ್ಟಕ್ಕೆ ಹೋದ’ ಎಂಬ ಮಾತು ದೊಡ್ಡಪ್ಪನ ಕಿವಿಗೆ ಬಿದ್ದು, ಅವನು ಪಕ್ಕದ ಮನೆಯವರ ಟ್ರಕ್ಕು ಹತ್ತಿಕೊಂಡು, ತಿಂಡಿಯ ಡಬ್ಬಿಗಳ ಸಮೇತ ದೊಡ್ಡಮ್ಮನನ್ನೂ ಎಳೆದುಕೊಂಡು ಬಂದಿದ್ದ. ತನ್ನವರ ದಿಬ್ಬಗಳು ಸೊಂಟದವರೆಗೆ ಹುಲ್ಲು ಹೊದ್ದು ನಿಂತಿವೆ. ತನ್ನ ತಮ್ಮನ ಮಗ ಎದುರು ದಿನ್ನೆಯಲ್ಲಿ ಇನ್ನೊಂದು ಮನೆತನದ ಹುಲ್ಲು ಕತ್ತರಿಸುತ್ತಿದ್ದಾನೆ! ದೊಡ್ಡಪ್ಪ ಕೂಗಿದ. ಮಷಿನ್ನು ಅದಕ್ಕಿಂತ ಜೋರಾಗಿ ಕೂಗಿತು. ಕೊನೆಗೆ ಕೋಲೂರಿಕೊಂಡು ಹಳ್ಳ ದಾಟಿ ಬಂದು, ಹಿಂದಿನಿಂದ ಗಿಲ್‌ಸುವಿನ ಬೋಳು ತಲೆಗೆ ಒಂದು ಕೊಟ್ಟ.

ಮಷಿನ್ನು ನಿಂತಿತು.

“ಯಾರ ದಿಬ್ಬವೋ ಇದು?”

ಗಿಲ್‌ಸುವಿಗಿಂತ ಮುಂಚೆ ದೊಂಗ್‌ಚೊಲ್ ಎದ್ದು ಬಂದ. “ಹಿರಿಯರೇ, ನಮ್ಮಣ್ಣನ ಮೇಲೆ ಕೈ ಮಾಡಬೇಡಿ. ಅವರ ತಂದೆಯ ದಿಬ್ಬದ ಹುಲ್ಲು ಅವರು ಕತ್ತರಿಸ್ತಾ ಇದಾರೆ.”

“ಅವನ ತಂದೆ ನನ್ನ ತಮ್ಮ! ಅಲ್ಲಿ, ಆಚೆ ದಿನ್ನೇಲಿ ಮಲಗಿದಾನೆ!”

“ಹೆಸರಿಗೆ ಇರಬಹುದು,” ಎಂದಳು ಮುದುಕಿ ಮರುಕದಿಂದ. “ಈ ಕಿವಿ ನೋಡಿ.”

ದೊಡ್ಡಪ್ಪ ಕಿವಿ ನೋಡಿದ. ಆಮೇಲೆ ಆ ಮಾತಿನ ಅರ್ಥ ಅವನಿಗೆ ಇಳಿಯಿತು. ಅವನ ನೆಟ್ಟಗಿನ ಬೆನ್ನು ಮೊದಲ ಸಲ ಸ್ವಲ್ಪ ಅಲುಗಿತು. ತನ್ನ ಮನೆಯ ಸೊಸೆ, ಮಣ್ಣಾದವಳು, ಅವಳ ಮೇಲೆ ಇಂಥ ಮಾತು.

“ಗಿಲ್‌ಸು,” ಎಂದ ಅವನು, ದನಿ ತಗ್ಗಿಸಿ. “ನಿನ್ನ ಬಾಯಿಂದಲೇ ಹೇಳು. ಈ ದಿಬ್ಬಕ್ಕೆ ನೀನು ಯಾಕೆ ಬಂದೆ?”

ಎಲ್ಲರೂ ಗಿಲ್‌ಸುವನ್ನು ನೋಡಿದರು. ಬಾಯಿ ಮುಚ್ಚಿದರೆ ಅಮ್ಮನ ಹೆಸರು ಕೆಡುತ್ತದೆ, ಬಾಯಿ ಬಿಟ್ಟರೆ ಪೀಚ್ ಹೊರಗೆ ಬೀಳುತ್ತದೆ. ಗಿಲ್‌ಸು ಹೆಗಲಿನ ಪಟ್ಟಿ ಬಿಚ್ಚಿ, ಮಷಿನ್ನನ್ನು ಕೆಳಗಿಟ್ಟು, ಹುಟ್ಟಿದ ಮೇಲೆ ಮೊದಲ ಸಲ ದೊಡ್ಡಪ್ಪನ ಕಣ್ಣು ನೋಡಿ ಮಾತಾಡಿದ.

“ಅಮ್ಮನಿಗೆ ಪೀಚ್ ತಂದಿದ್ದೆ. ಮಂಜಿನಲ್ಲಿ ದಾರಿ ತಪ್ಪಿ ಇವರ ದಿಬ್ಬದ ಮುಂದೆ ಇಟ್ಟುಬಿಟ್ಟೆ. ಶಾಸ್ತ್ರ ನನಗೂ ಗೊತ್ತು. ಆದ್ರೆ ಸಾಯೋವಾಗ ಅವಳು ಕೇಳಿದ್ದು ಅದೊಂದೇ. ಅವಳಿಗೆ ಇಷ್ಟವಾದ ಹಣ್ಣು, ಅವಳಿಗೆ ಇಷ್ಟವಾದ ಜಾಗದಲ್ಲಿ ಒಂದು ಸಲ ಕೊಡಬೇಕು ಅಂತ ಬಂದೆ. ಹೊಡೀತೀರಾದ್ರೆ ಹೊಡೀರಿ.”

ದೊಡ್ಡಪ್ಪನ ಕೋಲು ಮೇಲೆದ್ದಿತ್ತು, ಆದರೆ ಇಳಿಯಲಿಲ್ಲ. ಗಿಲ್‌ಸುವಿಗೆ ಒಂದು ಗಳಿಗೆ ಎಲ್ಲ ಸರಿಹೋಗುತ್ತದೆ ಅನಿಸಿತು.

ಆಗ ದೊಡ್ಡಮ್ಮ ತಿಂಡಿಯ ಡಬ್ಬಿ ಕೆಳಗಿಟ್ಟು ಕೇಳಿದಳು. “ಅವಳಿಗೆ ಪೀಚ್ ಇಷ್ಟ ಅಂತ ಯಾರೋ ನಿಂಗೆ ಹೇಳಿದ್ದು?”

“ಪ್ರತಿ ವರ್ಷ ಬಂಡೆ ಮೇಲೆ ಕೂತು ತಿಂತಿದ್ಲಲ್ಲ ದೊಡ್ಡಮ್ಮ. ಕಣ್ಣು ಮುಚ್ಚಿಕೊಂಡು.”

“ಸಂಕಟಕ್ಕೆ ಮುಚ್ತಿದ್ಲು ಕಣೋ. ಅದರ ಸಿಪ್ಪೆ ಮೇಲಿನ ನವಿರು ಅವಳ ಮೈಗೆ ಆಗ್ತಿರಲಿಲ್ಲ. ಮನೆ ಮುಟ್ಟೋ ಹೊತ್ತಿಗೆ ತುಟಿ ಬದನೇಕಾಯಿ ಆಗಿರ್ತಿತ್ತು. ರಾತ್ರಿಯೆಲ್ಲ ಕೆರ್ಕೊಳ್ಳೋಳು.”

“ಮತ್ಯಾಕೆ ತಿಂತಿದ್ಲು?”

ದೊಡ್ಡಮ್ಮ ಒಂದು ಸಲ ಗಂಡನನ್ನು ನೋಡಿದಳು. ಆಮೇಲೆ ತಲೆಯ ಬಟ್ಟೆ ಬಿಚ್ಚಿ ಮತ್ತೆ ಕಟ್ಟಿಕೊಂಡಳು.

“ಹೇಳಿಬಿಡ್ತೀನಿ. ನಾನೂ ಹೋಗೋ ವಯಸ್ಸಿನವಳು. ನಮ್ಮತ್ತೆ ಹತ್ರ ಬರಬಾರದು ಅಂತ ತಿಂತಿದ್ವಿ, ಅವಳೂ ನಾನೂ. ಬದುಕಿದ್ದಾಗ ಅಕ್ಕಿ ತೊಳೆದ ನೀರು ಬೆಳ್ಳಗಿದ್ರೂ ಬೈಗುಳ, ತಿಳಿಯಾಗಿದ್ರೂ ಬೈಗುಳ. ಸತ್ತ ವರ್ಷ ಹುಲ್ಲು ಕೀಳೋಕೆ ಬಂದಾಗ, ‘ಬೇರು ಬಿಟ್ಟು ಕೀಳ್ತಿದೀರಾ’ ಅಂತ ದಿಬ್ಬದೊಳಗಿಂದ ಕೇಳಿದ ಹಾಗಾಯ್ತು ಇಬ್ಬರಿಗೂ. ಮಾರನೇ ವರ್ಷ ನಿಮ್ಮಮ್ಮ ಮಡಿಲಲ್ಲಿ ಪೀಚ್ ತಂದ್ಲು. ಅಲ್ಲಿಂದ ಬೆಟ್ಟ ಒಂದು ದಿನ ನಮ್ಮದಾಗ್ತಿತ್ತು. ಹೊಳೆ ನೋಡಿಕೊಂಡು, ಯಾರ ಬೈಗುಳವೂ ಇಲ್ಲದೆ ಕೂತಿರ್ತಿದ್ವಿ.”

“ಹಾಗಾದ್ರೆ ಸಾಯೋವಾಗ...”

“ಅವಳನ್ನ ಹೂಳೋದು ಎಲ್ಲಿ ಅಂತ ಅವಳಿಗೆ ಗೊತ್ತಿತ್ತಲ್ಲಪ್ಪ. ಅತ್ತೆಯ ಕಾಲಬುಡದಲ್ಲಿ.” ದೊಡ್ಡಮ್ಮ ಹಳ್ಳದ ಆಚೆ ನೋಡಿದಳು. “ಅದಕ್ಕೇ ವರ್ಷಾ ವರ್ಷಾ ಇಡು ಅಂದಿರ್ತಾಳೆ. ಮೂರು ವರ್ಷದಿಂದ ಒಂದೂ ಸಿಕ್ಕಿಲ್ಲ ಪಾಪ. ಹೇಗಿದಾಳೋ.”

ಗಿಲ್‌ಸು ಕೂತುಬಿಟ್ಟ. ಅವನ ಕಣ್ಣು ತಾನಾಗಿ ಮುದುಕಿಯ ಕಡೆ ಹೋಯಿತು. ಮುದುಕಿ ಅಂಟಂಟಾದ ಕೈಯನ್ನು ಲಂಗಕ್ಕೆ ಒರೆಸಿಕೊಳ್ಳುತ್ತಿದ್ದಳು.

ದೊಡ್ಡಪ್ಪ ಕೋಲು ಕೆಳಗಿಳಿಸಿದ. “ಅದಕ್ಕೇನಾ,” ಎಂದ ತನಗೆ ತಾನೇ. “ನಮ್ಮಮ್ಮ ಇಷ್ಟು ವರ್ಷವೂ ಒಂದು ದಿನ ಕನಸಿಗೆ ಬರಲಿಲ್ಲ. ನನ್ನ ಮೇಲೆ ಮುನಿಸು ಅಂದ್ಕೊಂಡಿದ್ದೆ.” ಎಂಬತ್ತು ದಾಟಿದ ಮನುಷ್ಯ ಅಂಗಿಯ ತೋಳಿನಿಂದ ಮೂಗು ಒರೆಸಿಕೊಂಡ. ದೊಡ್ಡಮ್ಮ ಬೇರೆ ಕಡೆ ತಿರುಗಿದಳು.

“ಹಾಗಾದ್ರೆ,” ಎಂದಳು ಮುದುಕಿ, “ಈ ಹುಡುಗ ಇವರ ಮಗ ಅಲ್ವಾ?”

“ಅಲ್ಲ ತಾಯಿ,” ಎಂದ ಗಿಲ್‌ಸು.

“ಎತ್ತು ನಿಜಕ್ಕೂ ಕುಂಟ್ತಿತ್ತಾ ಹಾಗಾದ್ರೆ?”

ಮುದುಕಿ ದಿಬ್ಬದ ನೆತ್ತಿಯಿಂದ ಬೀಜವನ್ನು ಉಗುರಿನಲ್ಲಿ ಕೆದಕಿ ತೆಗೆದು ದೂರ ಎಸೆದಳು. ಮಣ್ಣು ಸವರಿ ಸರಿಮಾಡಿದಳು. “ರೀ,” ಎಂದು ಒಂದು ಸಲ ಕರೆದಳು. ಕಿವಿಗೊಟ್ಟು ಕೂತಳು. ಹೊಳೆಯ ಸದ್ದು ಬಿಟ್ಟರೆ ಬೇರೇನೂ ಇರಲಿಲ್ಲ.

ದೊಂಗ್‌ಚೊಲ್ ಮಷಿನ್ನಿನ ಪಕ್ಕದಲ್ಲಿ ಕುಕ್ಕರಿಸಿದ. “ಅಂದ್ರೆ ಮತ್ತೆ ನಾನೇ ಹಿರಿಯ,” ಎಂದ. ಆಮೇಲೆ ಗಿಲ್‌ಸುವಿನ ಕಡೆ ತಿರುಗಿ, “ನಮ್ಮಪ್ಪನನ್ನ ಓಡಿಸಿದವರು ನೀವು. ಉಳಿದ ಎರಡು ದಿಬ್ಬ ಕತ್ತರಿಸಿಯೇ ಹೋಗಿ,” ಎಂದ. ನ್ಯಾಯವಾದ ಮಾತು. ಗಿಲ್‌ಸು ಕತ್ತರಿಸಿ ಕೊಟ್ಟ.

ಅವನು ಹಳ್ಳ ದಾಟಿ ತನ್ನವರ ದಿನ್ನೆಗೆ ಬರುವ ಹೊತ್ತಿಗೆ ದೊಡ್ಡಪ್ಪ ತನ್ನ ತಾಯಿಯ ದಿಬ್ಬದ ಹುಲ್ಲನ್ನು ತಾನೇ ಕುಡುಗೋಲಿನಲ್ಲಿ, ಬೇರು ಸಮೇತ ಕಿತ್ತು, ಮಗುವಿನ ತಲೆ ಬಾಚಿದಷ್ಟು ನುಣ್ಣಗೆ ಮಾಡಿದ್ದ. ಹೆಂಡವನ್ನು ಬಾಟಲಿ ಪೂರ್ತಿ ಅಲ್ಲಿಗೇ ಸುರಿದಿದ್ದ. “ಬಾ ಅಮ್ಮಾ,” ಎಂದು ಬೆಟ್ಟಕ್ಕೆಲ್ಲ ಕೇಳುವ ಹಾಗೆ ಕರೆದ. “ಇನ್ನು ಯಾರೂ ಪೀಚ್ ತರಲ್ಲ, ನಾನಿದೀನಿ. ಬರೋ ವಸಂತಕ್ಕೆ ನಿನಗೂ ನಿನ್ನ ಕಿರಿ ಸೊಸೆಗೂ ಒಂದೇ ಗೂಡು ಹೇಳಿದೀನಿ. ಜೊತೆಯಾಗಿರ್ತೀರಿ.”

ಗಿಲ್‌ಸು ಕೆಳಗಿನ ಸಾಲಿಗೆ ಬಂದು ಅಮ್ಮನ ಮುಂದೆ ದೊಡ್ಡಮ್ಮ ಮಾಡಿದ ಅಕ್ಕಿ ಕಡುಬು ಇಟ್ಟ. ಎರಡು ನಮಸ್ಕಾರ ಮಾಡಿದ. ಬಂಡೆಯ ಮೇಲೆ ಕೂತು ಹೊಳೆ ನೋಡುತ್ತಾ ತನ್ನ ಪಾಲಿನ ಕಡುಬು ತಿಂದ. ಒಳಗೆ ಎಳ್ಳು ಬೆಲ್ಲ ಇತ್ತು. ರುಚಿ ಗೊತ್ತಾಗಲಿಲ್ಲ.

ತಾಕ್ ಮನೆಯ ಅಜ್ಜಿ, ದೊಡ್ಡಪ್ಪನ ತಾಯಿ, ಎಲ್ಲಿಗೂ ಹೋಗಲಿಲ್ಲ. ಹುಣ್ಣಿಮೆ ಹಬ್ಬದ ಹಿಂದಿನ ಆ ಭಾನುವಾರ ಬೆಟ್ಟ ಬಿಟ್ಟು ಹೋದವರು ಒಬ್ಬರೇ, ಯಾವ ತಪ್ಪೂ ಮಾಡದ ಮಾ ಮನೆಯ ಯಜಮಾನರು.